ಮಾಮಾ ಹೂಂ ಅಂದಾರ

ಹೋದ ತಿಂಗಳು ತೀರಿಕೊಂಡ ಒಬ್ಬ ಮನುಷ್ಯನ ಬಗ್ಗೆ ಬರೆಯಲು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆಯಬೇಡಿ ಎಂದು ಅವರ ಹೆಂಡತಿಯೇ ಹೇಳಿದ್ದಾರೆ, ಬರೆಯುವ ಅಗತ್ಯವೂ ಇಲ್ಲ. ನಮ್ಮ ಗಡಿಭಾಗದ ಉಮರ್ಗಾ, ನಿಲಂಗಾ, ಉದ್ಗೀರ ಮೂರೂ ಊರು ಸೇರಿಸಿದರೂ ಮನೆಯ ಹಿಂದೆ ಈಜುಕೊಳ ಕಟ್ಟಿಸಿಕೊಂಡವರು ಕೈಬೆರಳಲ್ಲಿ ಎಣಿಸುವಷ್ಟು. ಅವರಿಗೆಲ್ಲ ಫಿಲ್ಟರ್ ನೋಡಿಕೊಡುತ್ತಿದ್ದವರು ಇವರೊಬ್ಬರೇ. ಫಿಲ್ಟರಿನ ಮಾಮಾ ಎಂದರೆ ಸಾಕಿತ್ತು.

ವಾರಕ್ಕೆ ಎರಡು ಸಲ ತಮ್ಮೂರು ತುರೋರಿಯಿಂದ ಹಳೆಯ ಮೊಪೆಡ್ ಮೇಲೆ ಬರುತ್ತಿದ್ದರು, ಸೀಟಿನ ಮೇಲೆ ಮಡಚಿದ ಕರಿ ಕಂಬಳಿ. ಮುರುಮದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರಿಗೆ ಹೋಗುವ ನೀರನ್ನು ಸೋಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಬಂದವರೇ ಮನೆಯವರಿಗೆ ನಮಸ್ಕಾರ ಹೇಳುವ ಪದ್ಧತಿ ಇರಲಿಲ್ಲ. ಮೊದಲು ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ನೀರನ್ನು ಮೂಸುವುದು. ಆಮೇಲೆ ಫಿಲ್ಟರಿನ ಡಬ್ಬಿಯ ಮೇಲೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ, ಅಂಗೈ ಇಟ್ಟು ಕಿವಿಗೊಟ್ಟು ಕೇಳುವುದು. ಅದೆಲ್ಲ ಮುಗಿದ ಮೇಲೆ ‘ಆರಾಮ ಇದ್ದೀರಿ ಬಾಯಿ?’ ಮನೆಯೊಡತಿಯರನ್ನೆಲ್ಲ ಅವರು ಬಾಯಿ ಎಂದೇ ಕರೆಯುತ್ತಿದ್ದರು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟು ಬರದ ವಿಷಯಗಳೇ ಕಡಿಮೆ.

ಅವರಿಗೆ ಈಜು ಬರುತ್ತಿರಲಿಲ್ಲ. ಸಣ್ಣವರಿದ್ದಾಗ ಕುರಿ ತೊಳೆಯಲು ಕೆರೆಗೆ ಇಳಿದು ಕೆಸರಲ್ಲಿ ಸಿಕ್ಕಿಕೊಂಡಿದ್ದರಂತೆ; ಅಂದಿನಿಂದ ನೀರು ಮೊಣಕಾಲು ದಾಟಿದರೆ ಎದೆ ಹಾರುತ್ತಿತ್ತು. ಅಷ್ಟು ಮನೆಗಳ ಕೊಳ ನೋಡಿಕೊಂಡ ಮನುಷ್ಯ ಒಂದರಲ್ಲೂ ಇಳಿದವರಲ್ಲ. ಯಾರಾದರೂ ನಕ್ಕರೆ, ‘ಅಡಗಿ ಮಾಡಾಂವಾ ಪಂಗತ್ಯಾಗ ಕೂಡಬೇಕಂತ ಎಲ್ಲಿ ಅದರಿ?’ ಎನ್ನುತ್ತಿದ್ದರು.

ನಮ್ಮ ಕೊಳದ ಕಥೆಯನ್ನೂ ಹೇಳಬೇಕು. ನನ್ನ ಗಂಡನದು ಉಮರ್ಗಾದ ಹೈವೇ ಮೇಲೆ ಪಂಪು, ಪೈಪಿನ ಅಂಗಡಿ. ಉದ್ಗೀರದಲ್ಲಿರುವ ಅವರ ಚಿಕ್ಕಪ್ಪನ ಮಗ ಈಜುಕೊಳ ಕಟ್ಟಿಸಿದ್ದನ್ನು ನೋಡಿ ಬಂದ ದಿನದಿಂದ ಇವರಿಗೆ ಊಟ ರುಚಿಸಲಿಲ್ಲ. ‘ಪಂಪ್ ನಮ್ದೇ, ಪೈಪ್ ನಮ್ದೇ, ತೆಗ್ಗ ತೋಡೂದೇನ ದೊಡ್ಡ ಮಾತು’ ಎಂದು ಹಿತ್ತಲಲ್ಲಿ ಕಟ್ಟಿಸಿಯೇಬಿಟ್ಟರು. ಫಿಲ್ಟರ್ ಮಾತ್ರ ಆಮೇಲೆ ನೋಡೋಣ ಅಂದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಮೊದಲ ಬೇಸಿಗೆ ನೆಂಟರ ಮಕ್ಕಳೆಲ್ಲ ಬಂದು ಕುಣಿದರು, ಎರಡನೆಯದಕ್ಕೆ ನೀರು ಹಸಿರಾಯಿತು, ಮೂರನೆಯದಕ್ಕೆ ಕಪ್ಪೆಗಳು ಸಂಸಾರ ಹೂಡಿದವು. ನಾನು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದೆ.

ಆ ವರ್ಷ ದೀಪಾವಳಿ ಮುಗಿದ ವಾರ, ಗಿರಾಕಿಯೊಬ್ಬರ ಮಾಳಿಗೆಯ ಟಾಕಿಗೆ ಪೈಪು ಜೋಡಿಸಲು ಹತ್ತಿದವರು ಅಲ್ಲಿಂದ ಬಿದ್ದರು. ಬೆನ್ನುಹುರಿಗೆ ಪೆಟ್ಟು. ಕಾಲುಗಳಿದ್ದವು, ಮಾತು ಕೇಳುತ್ತಿರಲಿಲ್ಲ. ಮಲಗಿ ಮಲಗಿ ಕುಂಡಿಯ ಮೇಲೆ ಹುಣ್ಣಾಯಿತು, ಅದು ಮಾಯಲು ಎರಡು ತಿಂಗಳು ಹಿಡಿಯಿತು. ಮಾಯ್ದ ಮೇಲೆ ಸೋಲಾಪುರದ ಡಾಕ್ಟರು ಒಂದು ದಾರಿ ಹೇಳಿದರು. ದಿನಾ ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ, ನೀರು ಮೈಭಾರ ಹೊರುತ್ತದೆ, ಕಾಲಿಗೆ ನಿಲ್ಲುವುದು ನೆನಪಾಗಬಹುದು. ಮುಂದಿನ ಆರು ತಿಂಗಳಲ್ಲಿ ಎಷ್ಟು ಬರುತ್ತದೋ ಅಷ್ಟು, ಆಮೇಲೆ ಆಸೆ ಕಡಿಮೆ. ಆದರೆ ನೀರು ಕುಡಿಯುವ ನೀರಿನಷ್ಟು ಸ್ವಚ್ಛ ಇರಬೇಕು. ಮಾಯ್ದ ಜಾಗದ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು, ಅಲ್ಲಿ ಸ್ಪರ್ಶವೂ ಇಲ್ಲ. ಕೆಟ್ಟರೆ ಅವರಿಗೆ ಗೊತ್ತೇ ಆಗುವುದಿಲ್ಲ ಎಂದರು.

ಹೀಗೆ, ನಾನು ಆಡಿಕೊಂಡು ನಕ್ಕ ಕೊಳವೇ ನನಗೆ ಉಳಿದ ಒಂದೇ ಆಸೆಯಾಯಿತು. ಆರು ತಿಂಗಳು ಎಂಬ ಮಾತು ಮಾತ್ರ ಕಿವಿಯಲ್ಲಿ ಉಳಿಯಿತು. ಬೆಳಗಾದರೆ ಸಾಕು, ಒಂದು ದಿನ ಹೋಯಿತು ಎಂದು ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದೆ.

ಮಾಮಾನನ್ನು ಮೊದಲ ಸಲ ಕರೆಸಿದಾಗ ಅವರು ಹಸಿರು ನೀರಿನ ಮುಂದೆ ಬಹಳ ಹೊತ್ತು ಕೂತರು. ‘ಕಪ್ಪಿಗಿ ಫಿಲ್ಟರ್ ಬೇಕಾಗೂದಿಲ್ರಿ. ಮನಷ್ಯಾರಿಗಿ ಬೇಕು. ಯಾರ ಇಳಿಯೋರು ಅದ ಮೊದಲ ಹೇಳ್ರಿ’ ಎಂದರು. ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ; ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಅಳು ನಿಲ್ಲುವ ತನಕ ಕಾದರು.

‘ಎರಡ ನಮೂನಿ ಅವ ಬಾಯಿ. ಒಂದು ಉಸುಕಿಂದು. ನೀರ ಮ್ಯಾಲಿಂದ ಇಳಿತದ, ಹೊಲಸ ಉಸುಕಿನಾಗ ಕೂಡತದ. ಡಬ್ಬಿ ಮ್ಯಾಗಿನ ಮುಳ್ಳ ಏರಿದ್ರ ಹಿಡಕಿ ತಿರವಿ ನೀರ ಉಲ್ಟಾ ಬಿಡೂದು, ಹೊಲಸೆಲ್ಲಾ ಗಟಾರಕ್ಕ ಹೋಗತದ. ತಡಕೊಳ್ಳೂ ಗುಣಾ ಅದರದು. ಆದ್ರ ಹಂಗ ತೊಳಿವಾಗ ಮೂರ ನಾಕ ಬ್ಯಾರಲ್ ನೀರ ಚೆಲ್ಲಬೇಕಾಗತದ. ಇನ್ನೊಂದು ಕಾರ್ಟ್ರಿಜ್. ಸೀರಿ ನಿರಿಗಿ ಹಂಗ ಮಡಚಿದ್ದು ಇರತದ. ಸಣ್ಣ ಹೊಲಸೂ ಹಿಡಿತದ, ನೀರ ಚೆಲ್ಲೂದಿಲ್ಲ. ಆದ್ರ ಕೈಲೆ ತೊಳೀಬೇಕು, ಮತ್ತ ಅದಕ್ಕ ಸಿಟ್ಟ ಭಾಳ. ತಟಗ ಜಾಸ್ತಿ ಆದ್ರ ಕಟ್ಟಕೊಂಡ ಕೂಡತದ.’

‘ನಿಮ್ಮ ಮಾತ ಯಾವುದಕ್ಕರಿ?’

‘ನಂದು ಉಸುಕಿಗಿ. ಹೊಸಾ ಉಸುಕ ಮೊದಲ ಶಾಣ್ಯಾ ಇರೂದಿಲ್ಲ. ಥೋಡೆ ಹೊಲಸ ತಿಂದ ಮ್ಯಾಲ ಬುದ್ಧಿ ಬರತದ, ಇನ್ನಾ ಛಲೋ ಸೋಸತದ. ಮನಷ್ಯಾರ ಹಂಗ.’

ನಾನು ಕಾರ್ಟ್ರಿಜ್ ಆರಿಸಿದೆ. ನಮ್ಮ ಬೋರು ಬೇಸಿಗೆಯಲ್ಲಿ ಬೆರಳಿನಷ್ಟು ದಪ್ಪ ಬರುತ್ತದೆ. ವಾರವಾರ ಅಷ್ಟು ನೀರು ಚೆಲ್ಲಿ ಕೊಳ ತುಂಬುವುದು ತಡವಾದರೆ ದಿನಗಳು ಹೋಗುತ್ತವೆ. ಅವರು ವಾದಿಸಲಿಲ್ಲ. ‘ಹಂಗಾದ್ರ ಎರಡ ತಗೋರಿ. ಒಂದ ಒಳಗ, ಒಂದ ಬಿಸಲಾಗ’ ಎಂದಷ್ಟೇ ಹೇಳಿದರು. ಒಂದು ಕೂಡಲೇ ಸಿಕ್ಕಿತು, ಇನ್ನೊಂದು ಬರುತ್ತದೆ ಎಂದು ಮಾರುವವರು ಅಂದರು. ಒಂದು ಸಾಕಲ್ಲ ಎಂದು ನಾನು ಬೆನ್ನು ಹತ್ತಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮವ್ವ ತವರು ಆಳಂದದಲ್ಲಿ ಹೇಳುತ್ತಿದ್ದದ್ದು ನನ್ನನ್ನು ನೋಡಿಯೇ.

ಮಾಮಾ ಇನ್ನೊಂದು ಕೆಲಸ ಮಾಡಿದರು. ನಮ್ಮವರು ಅಭಿಮಾನದಿಂದ ಕೂರಿಸಿದ್ದ ದೊಡ್ಡ ಪಂಪನ್ನು ಕಿತ್ತಿಸಿ ಅರ್ಧ ಎಚ್ಪಿಯದನ್ನು ಹಾಕಿಸಿದರು. ನೀರು ಜೋರಾಗಿ ಓಡಿದರೆ ಹೊಲಸೂ ಫಿಲ್ಟರ್ ದಾಟಿ ಓಡುತ್ತದೆ, ಸಾವಕಾಶ ಹೋಗಬೇಕು ಎಂಬುದು ಅವರ ಲೆಕ್ಕ. ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಗಂಡನ ಮುಖ ಸಣ್ಣದಾಯಿತು. ‘ಮಾಮಾ, ಪಂಪ್ ಮಾರೂದು ನನ್ನ ಧಂದಾ’ ಎಂದರು. ‘ಅದಕ್ಕಽ ದೊಡ್ಡದ ಹಾಕೀರಿ’ ಎಂದು ಮಾಮಾ ಸ್ಕ್ರೂ ತಿರುಗಿಸುತ್ತಲೇ ಇದ್ದರು. ಬಿದ್ದ ಮೇಲೆ ನನ್ನ ಗಂಡ ನಕ್ಕದ್ದು ಅದೇ ಮೊದಲು.

ದಿನಾ ಸಂಜೆ ಕಾರ್ಟ್ರಿಜ್ ತೊಳೆಯುವುದು ನನ್ನ ಪಾಲಿಗೆ ಬಂತು. ಪೈಪಿನ ನೀರನ್ನು ಓರೆಯಾಗಿ ಹಿಡಿದು, ಮೇಲಿನಿಂದ ಕೆಳಗೆ, ಒಂದೊಂದೇ ನಿರಿಗೆ ಬಿಡಿಸಿ. ಬ್ರಶ್ ಮುಟ್ಟಿಸಿದರೆ ಮಾಮಾ ಬೈಯುತ್ತಿದ್ದರು. ಗಂಡನಿಗೆ ಎಣ್ಣೆ ಹಚ್ಚದೆ ನೀರಿಗೆ ಇಳಿಸಬೇಕು ಎಂದು ಅತ್ತೆಯ ಹತ್ತಿರ ಜಗಳ ಮಾಡಿದ್ದೂ ಅವರೇ; ಎಣ್ಣೆ ಫಿಲ್ಟರಿಗೆ ವಿಷ.

ನೀರು ಇಳಿಯಲು ತಕ್ಕುದೋ ಎಂದು ನೋಡುವುದಕ್ಕೆ ಅವರದೊಂದು ಪರೀಕ್ಷೆ ಇತ್ತು. ಕಿಸೆಯಿಂದ ಅಂಗಿಯ ಕರಿ ಗುಂಡಿಯೊಂದನ್ನು ತೆಗೆದು ಆಳದ ಕಡೆ ಎಸೆಯುವರು. ದಂಡೆಯ ಮೇಲೆ ನಿಂತು ಗುಂಡಿಯ ತೂತು ಎಣಿಸಲು ಬಂದರೆ ಇಳಿಯಬಹುದು, ಇಲ್ಲದಿದ್ದರೆ ಇಲ್ಲ. ಒಂದು ದಿನ ಮೋಡ ಮುಸುಕಿತ್ತೋ, ನೀರೇ ಮಬ್ಬಾಗಿತ್ತೋ, ನನಗೆ ಗುಂಡಿಯೇ ಸರಿಯಾಗಿ ಕಾಣಲಿಲ್ಲ. ಆದರೆ ದಿನ ಕಳೆದುಕೊಳ್ಳುವ ಮನಸ್ಸಿರಲಿಲ್ಲ. ‘ನಾಕೂ ತೂತು ಕಾಣತಾವ್ರಿ’ ಎಂದೆ. ಅವರು ಬಲೆ ಹಾಕಿ ಗುಂಡಿ ತೆಗೆದು ನನ್ನ ಅಂಗೈ ಮೇಲಿಟ್ಟರು. ಎರಡೇ ತೂತಿದ್ದವು.

‘ನೀವು ಹಿಂಗ ಹೇಳ್ತೀರಿ ಅಂತ ಗೊತ್ತಿತ್ತು ಬಾಯಿ. ಅದಕ್ಕ ಮನಿಯಿಂದ ಬ್ಯಾರೆ ತಂದಿದ್ದೆ.’

ಸಿಟ್ಟಿಗಿಂತ ನಾಚಿಕೆ ಹೆಚ್ಚಾಯಿತು. ಅವರು ಅದನ್ನು ಮತ್ತೆ ಎಂದೂ ಎತ್ತಿ ಆಡಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಆ ದಿನ ಬಂತು. ಅಂಗಡಿಯ ಇಬ್ಬರು ಗಂಡಾಳುಗಳು ಎಂದಿನಂತೆ ನಮ್ಮವರನ್ನು ಕುರ್ಚಿಯ ಸಮೇತ ನೀರಿಗೆ ಇಳಿಸಿದ್ದರು. ದಂಡೆಯ ಮೇಲೆ ಅತ್ತೆ, ವಲಾಂಡಿಯಿಂದ ಬಂದಿದ್ದ ಅತ್ತೆಯ ತಂಗಿ, ನಾನು. ಫಿಲ್ಟರಿನ ಹತ್ತಿರ ಮಾಮಾ. ಗಂಡ ಎದ್ದು ದಂಡೆಯ ಕಂಬಿ ಹಿಡಿದು ನಿಂತರು. ಆಮೇಲೆ ಒಂದು ಕೈ ಬಿಟ್ಟರು. ಆಮೇಲೆ ಇನ್ನೊಂದು. ಅತ್ತೆ ಗಟ್ಟಿಯಾಗಿ ಎಣಿಸತೊಡಗಿದರು. ಇಪ್ಪತ್ತು ದಾಟಿತು, ಅವರು ನಿಂತೇ ಇದ್ದರು.

ನಮ್ಮ ಮನೆಯವರೂ ಮಾಮಾನೂ ಬೀರಪ್ಪನ ಒಕ್ಕಲು. ಭಂಡಾರ ಎಂದರೆ ಅರಿಶಿನದ ಪುಡಿ, ಆದರೆ ಅದನ್ನು ಆ ಜನರಿಗೆ ಹೇಳಿ ನೋಡಿ. ದೇವರ ಕೃಪೆ ಕಣ್ಣಿಗೆ ಕಂಡಾಗ ಕೈ ತಾನೇ ಭಂಡಾರದ ಚೀಲಕ್ಕೆ ಹೋಗುತ್ತದೆ. ನೊಣ ಬಿದ್ದರೂ ಬಲೆ ಹಿಡಿದು ಓಡುತ್ತಿದ್ದ ಮಾಮಾ, ಸೊಂಟದ ಚೀಲಕ್ಕೆ ಕೈ ಹಾಕಿ, ‘ಬೀರಪ್ಪನ ಹೆಸರಲೆ ಚಾಂಗಭಲೋ’ ಎಂದು ಮೊದಲ ಮುಷ್ಟಿ ಹಾರಿಸಿದರು. ಅತ್ತೆ ದೇವರಮನೆಯ ಡಬ್ಬಿಯನ್ನೇ ತಂದರು. ಅತ್ತೆಯ ತಂಗಿ, ಆಳುಗಳು, ನಾನು, ಎಲ್ಲರೂ ಹಾರಿಸಿದೆವು. ಗಂಡನ ತಲೆ, ಹೆಗಲು, ನೀರು ಎಲ್ಲ ಹಳದಿ. ಅವರು ಅಳುತ್ತ ನಗುತ್ತಿದ್ದರು. ಅಷ್ಟು ಸುಖದ ಗಳಿಗೆ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ಒಂದು ತಾಸಿನಲ್ಲಿ ಫಿಲ್ಟರಿನ ಮುಳ್ಳು ಕೆಂಪಿಗೆ ಹೋಗಿ ನಿಂತಿತು. ಮಾಮಾ ಮುಳ್ಳು ನೋಡಿದರು, ತಮ್ಮ ಹಳದಿ ಅಂಗೈ ನೋಡಿದರು. ‘ಹಾರಸೂ ಮುಂದ ಅದು ಪುಡಿ ಅಂತ ನೆನಪೇ ಬರಲಿಲ್ರಿ’ ಎಂದರು. ಹೊರಗೆ ತೆಗೆದ ಕಾರ್ಟ್ರಿಜ್ಜಿನ ನಿರಿಗೆಗಳಲ್ಲಿ ಅರಿಶಿನ ಕಣಕದ ಹಾಗೆ ಮೆತ್ತಿತ್ತು. ಸೋಡಾ ನೀರಿನಲ್ಲಿ ನೆನೆಸಿದರೂ ಬಿಡಲಿಲ್ಲ. ಎರಡನೆಯದು ಬಂದೇ ಇರಲಿಲ್ಲ.

‘ನಾ ಹೈದರಾಬಾದಿಗಿ ಹೋಗಿ ತರ್ತೀನಿ. ಬರೂ ತನಕ ಯಾರೂ ಇಳೀಬ್ಯಾಡ್ರಿ. ಹಳದಿ ತಳಕ್ಕ ಕೂತ ಮ್ಯಾಲೂ ಇಳೀಬ್ಯಾಡ್ರಿ. ಹಳದಿ ಕಣ್ಣಿಗಿ ಕಾಣತದ, ಉಳದ ಹೊಲಸ ಕಾಣೂದಿಲ್ಲ. ಕ್ಲೋರಿನ್ ಎಲ್ಲಾ ಈ ಪುಡಿನೇ ತಿಂದಬಿಟ್ಟದ.’

ಮೊದಲ ದಿನ ತಡೆದುಕೊಂಡೆ. ಎರಡನೆಯ ದಿನ ಬೆಳಿಗ್ಗೆ ಗಂಡನ ಕಾಲು ತಿಕ್ಕುವಾಗ ಅವು ಮತ್ತೆ ಬಿಗಿಯುತ್ತಿವೆ ಅನ್ನಿಸಿತು. ಅನ್ನಿಸಿತೋ, ನಾನೇ ಹಾಗೆ ಅಂದುಕೊಂಡೆನೋ ಇವತ್ತಿಗೂ ಹೇಳಲಾರೆ. ನಿಂತ ಕಾಲು ಮರೆತುಬಿಟ್ಟರೆ? ಡಾಕ್ಟರಿಗೆ ಫೋನು ಮಾಡಿದೆ, ಹತ್ತಲಿಲ್ಲ. ಮಾಮಾನಿಗೆ ಮಾಡಿದೆ, ಹೈದರಾಬಾದಿನಲ್ಲಿ ಸಿಗಲಿಲ್ಲ, ನಾಳೆ ಇನ್ನೊಂದು ಕಡೆ ನೋಡುತ್ತೇನೆ ಅಂದರು. ‘ಇಳಸಬ್ಯಾಡ್ರಿ ಬಾಯಿ’ ಎಂದು ಮತ್ತೆ ಹೇಳಿ ಇಟ್ಟರು. ನೀರಿನ ಮೇಲೆ ಹಳದಿ ಕಡಿಮೆಯಾಗಿತ್ತು. ನಾನು ಫೋನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು ಆಳುಗಳಿಗೆ ಹೇಳಿದೆ, ‘ಮಾಮಾ ಹೂಂ ಅಂದಾರ. ಇಳಸ್ರಿ.’

ಅವರ ಹೆಸರು ಹೇಳಿದರೆ ನಮ್ಮ ಮನೆಯಲ್ಲಿ ಎರಡನೆಯ ಪ್ರಶ್ನೆ ಇರಲಿಲ್ಲ. ಮೂರು ದಿನ ಇಳಿಸಿದೆ.

ಹಾಗೆ ಇಳಿಸಿದ ಮೂರನೆಯ ದಿನ ಗಂಡ ನೀರಿನಲ್ಲಿದ್ದಾಗಲೇ ಮಾಮಾ ಬಂದರು. ಬಸ್ಸಿನಿಂದ ನೇರ ಬಂದಿದ್ದರು, ಹೆಗಲ ಮೇಲೆ ಕಾರ್ಟ್ರಿಜ್ಜಿನ ಡಬ್ಬ. ಒಂದು ಸಲ ನೋಡಿದವರೇ ಡಬ್ಬ ಕೆಳಗೆ ಬಿಟ್ಟು, ಧೋತರದ ಸಮೇತ ನೀರಿಗೆ ಇಳಿದರು. ಮೊಣಕಾಲು ದಾಟಿತು, ಸೊಂಟ ದಾಟಿತು, ಎದೆಗೆ ಬಂತು. ಬಾಯಿ ತೆರೆದುಕೊಂಡು ಉಸಿರಾಡುತ್ತ ಹೋಗಿ ಗಂಡನನ್ನು ತಬ್ಬಿ ಹಿಡಿದು, ‘ಎತ್ತರಿ, ಮೊದಲ ಎತ್ತರಿ’ ಎಂದರು. ಮೇಲೆ ತಂದು ಮಲಗಿಸಿ ಹೊರಳಿಸಿದಾಗ, ಮಾಯ್ದಿದ್ದ ಜಾಗ ಬೆಳ್ಳಗೆ ನೆನೆದು ಬಿರಿದಿತ್ತು.

ಆಳುಗಳಲ್ಲಿ ದೊಡ್ಡವನು, ‘ಮಾಮಾ, ನೀವೇ ಹೂಂ ಅಂದಿದ್ರಂತಲ್ಲ’ ಎಂದ. ಅತ್ತೆಯೂ ಅಲ್ಲೇ ನಿಂತಿದ್ದರು.

ಮಾಮಾ ನನ್ನ ಕಡೆ ನೋಡಿದರು. ಧೋತರದಿಂದ ನೀರು ಸುರಿಯುತ್ತಿತ್ತು. ನಾನು ಬಾಯಿ ತೆರೆಯಲಿಲ್ಲ.

‘ಹೂಂ. ನಾನೇ ಅಂದಿದ್ದೆ. ನನ್ನ ತಪ್ಪಾಯ್ತು’ ಎಂದರು.

ಎರಡು ದಿನಕ್ಕೆ ಜ್ವರ ಬಂತು, ನಂಜು ಎಲುಬಿಗೆ ಇಳಿಯಿತು. ಸೋಲಾಪುರದ ಆಸ್ಪತ್ರೆಯಲ್ಲಿ ಎರಡು ತಿಂಗಳು ಬೋರಲು ಮಲಗಿದರು. ಜೀವ ಉಳಿಯಿತು. ಆರು ತಿಂಗಳಲ್ಲಿ ಉಳಿದಿದ್ದದ್ದು ಹಾಸಿಗೆಯ ಮೇಲೆಯೇ ಮುಗಿಯಿತು. ಆಮೇಲೆ ಅವರು ನಿಲ್ಲಲಿಲ್ಲ, ಇನ್ನು ನಿಲ್ಲುವುದಿಲ್ಲ.

ಆಸ್ಪತ್ರೆಗೆ ಮಾಮಾ ಒಮ್ಮೆ ಬಂದಿದ್ದರು. ಒಳಗೆ ಬರಲು ಅತ್ತೆ ಬಿಡಲಿಲ್ಲ. ನಾನು ಮೆಟ್ಟಿಲ ಹತ್ತಿರ ಹೋದೆ. ಏನೋ ಹೇಳಲು ಬಾಯಿ ತೆರೆದೆ, ಅವರೇ ತಡೆದರು. ‘ಯವ್ವಾ, ಭಂಡಾರ ಮೊದಲ ಹಾರಿಸಿದಾಂವ ನಾ. ಅಲ್ಲಿಂದ ಮುಂದಿಂದೆಲ್ಲಾ ನಂದೇ. ನೀ ಗಂಡನ್ನ ನೋಡಕೋ.’ ಅಲ್ಲಿಯವರೆಗೆ ಬಾಯಿ ಎನ್ನುತ್ತಿದ್ದವರು ಅವತ್ತು ಯವ್ವಾ ಅಂದರು. ನಾನು ಅದನ್ನೇ ಹಿಡಿದುಕೊಂಡು ಸುಮ್ಮನಾದೆ. ಸುಮ್ಮನಿರಲು ಕಾರಣ ಬೇಕಾಗಿತ್ತು, ಅವರು ಕೊಟ್ಟರು.

ಅತ್ತೆ ಸಿಕ್ಕವರಿಗೆಲ್ಲ ಹೇಳಿದರು. ಉದ್ಗೀರದ ಮನೆಯವರು ಅವರನ್ನು ಬಿಡಿಸಿದರು. ನಿಲಂಗಾದವರು ಬಿಡಿಸಿದರು. ಕೊನೆಗೆ ಒಂದೇ ಒಂದು ಮನೆ ಉಳಿದಿತ್ತಂತೆ. ನಮ್ಮ ಗೇಟಿನ ತನಕ ಎರಡು ಸಲ ಬಂದು, ಮೊಪೆಡ್ ನಿಲ್ಲಿಸದೆಯೇ ಹಿಂದಿರುಗಿದ್ದನ್ನು ನಾನು ಕಿಟಕಿಯ ಪರದೆಯ ಸಂದಿಯಿಂದ ನೋಡಿದ್ದೇನೆ. ಗಂಡನ ಸೇವೆ, ಅಂಗಡಿ, ಅತ್ತೆ ಎಂದು ನನಗೂ ನೂರು ನೆಪಗಳಿದ್ದವು. ಎರಡು ವರ್ಷ ಹೋಯಿತು.

ಸುದ್ದಿ ಬಂದ ಮೂರನೆಯ ದಿನಕ್ಕೆ ನಾನೊಬ್ಬಳೇ ತುರೋರಿಗೆ ಹೋದೆ. ಅವರ ಹೆಂಡತಿಯನ್ನು ನಾನು ಮೊದಲು ನೋಡಿರಲಿಲ್ಲ. ಯಾರು ಎಂದು ಹೇಳಿದ ಕೂಡಲೇ ದುಃಖ ಕೇಳಲು ಬಂದಿದ್ದ ಹೆಂಗಸರು ದೂರ ಸರಿದು ಕೂತರು. ಕಂಬಳಿಯ ತುದಿಯ ಮೇಲೆ ಕೂತು ಎಲ್ಲ ಹೇಳಿದೆ. ಅವರು ಹೂಂ ಅಂದಿರಲಿಲ್ಲ, ಬೇಡ ಅಂದಿದ್ದರು, ಎರಡು ಸಲ ಬೇಡ ಅಂದಿದ್ದರು, ಸುಳ್ಳು ಹೇಳಿದವಳು ನಾನು ಎಂದೆ.

ಆ ತಾಯಿ ಅಳಲಿಲ್ಲ, ಬೈಯಲೂ ಇಲ್ಲ. ‘ನನಗೂ ಹೇಳಲಿಲ್ಲ ನೋಡ್ರಿ’ ಎಂದರು. ಆಮೇಲೆ, ‘ನಾನೂ ಬೈದೀನಿ ಅವರಿಗಿ. ಸೂಳೆಮಗನ, ಭಂಡಾರ ಹಾರಸಿದ್ದು ಹಾರಸಿದಿ, ಮತ್ತ ಇಳಸರಿ ಅಂತ ಯಾಕ ಅಂದಿ ಅಂತ. ದಿನಾ ಬೈದೀನಿ. ಸುಮ್ನ ಉಣತಿದ್ರು’ ಎಂದರು. ನಾನು ಅವರ ಕಾಲು ಹಿಡಿಯಲು ಹೋದೆ, ಕಾಲು ಹಿಂದಕ್ಕೆ ಎಳೆದುಕೊಂಡರು. ‘ನನ್ನ ಮುಂದ ಹೇಳಿ ಏನ ಬರತದ್ರಿ. ನಾಕ ಮಂದಿ ಮುಂದ ಹೇಳ್ರಿ. ಹೆಸರ ಹಾಕಬ್ಯಾಡ್ರಿ, ಅವರಿಗಿ ಅದು ಸೇರೂದಿಲ್ಲ.’

ನಾಲ್ಕು ಮಂದಿಗಿಂತ ಮೊದಲು ಹೇಳಬೇಕಾದವರು ಮನೆಯಲ್ಲಿದ್ದರು. ಮಧ್ಯಾಹ್ನ ಮನೆಗೆ ಬಂದವಳೇ ಸೀರೆಯನ್ನೂ ಬದಲಿಸದೆ ಗಂಡನ ಮಂಚದ ಪಕ್ಕ ನಿಂತು ಹೇಳಿದೆ.

ಅವರು ಛಾವಣಿ ನೋಡುತ್ತ ಕೇಳಿಸಿಕೊಂಡರು. ‘ಗೊತ್ತದ’ ಎಂದರು. ‘ನೀರಿಗಿ ಅಂಜೂ ಮಾಮಾ ಎದಿಮಟಾ ಇಳದ ಬಂದು ನನ್ನ ಹಿಡದ್ರು. ಹೂಂ ಅಂದ ಮನಷ್ಯಾ ಹಂಗ ಓಡಿ ಬರೂದಿಲ್ಲ.’

ನಾನು ಮಂಚದ ಅಂಚಿಗೆ ಕೂತೆ. ‘ಮತ್ತ ಆ ಮೂರ ದಿನ ನೀವು ಯಾಕ ಇಳದ್ರಿ? ಮಾಮಾ ಅಂದಾರ ಅಂತ ನಂಬಿ ಇಳದಿರೇನು?’

‘ಇಲ್ಲ. ನೀರ ಹೊಲಸ ಅದ ಅಂತ ಮೊದಲನೇ ದಿನಾನೇ ಕಂಡಿತ್ತು. ಪಂಪ್ ಮಾರಾಂವ ನಾ, ನೀರ ನನಗ ತಿಳೂದಿಲ್ಲೇನು? ನೀರ ನೋಡಿದೆ. ನಿನ್ನ ಮಾರಿ ನೋಡಿದೆ. ಬ್ಯಾಡ ಅನ್ನಲಿಕ್ಕ ಆಗಲಿಲ್ಲ.’

‘ಹಂಗಂತ ಎರಡ ವರ್ಷ ಒಬ್ಬರ ಮುಂದೂ ಹೇಳಲಿಲ್ಲಲ್ಲರಿ.’

‘ನೀ ಹೇಳಿದೇನು?’ ಎಂದರು.

ಎರಡು ತಾಸಿಗೊಮ್ಮೆ ಅವರ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಮತ್ತೆ ಹುಣ್ಣಾಗುತ್ತದೆ. ಹೊತ್ತು ಮೀರಿತ್ತು. ನಾನು ಅವರ ಎರಡೂ ಕಾಲನ್ನು ಎತ್ತಿ ಆ ಕಡೆ ಇಟ್ಟು, ಬೆನ್ನಿಗೆ ದಿಂಬು ಕೊಟ್ಟೆ. ಅವರ ಮುಖ ಗೋಡೆಯ ಕಡೆಗಿತ್ತು.